ಇಂಗಳೀಕ ತುಂಬಿದ ಗುಂಡಿಗೆ

ಮೂಯ್ ಲುನ್‌ನ ಭಾವಮೈದುನ ಗಿಮ್‌ನ ಕೈ ಮೊದಲ ಸಲ ನಡುಗಿದ್ದು ಎಲ್ಲರೆದುರಿಗೆ, ಊಟಕ್ಕೆ ಕೂತಾಗ. ಬಾಯಿಗೆ ಹೋಗಬೇಕಾಗಿದ್ದ ಅನ್ನ ಅಂಗಿಯ ಮೇಲೆ ಚೆಲ್ಲಿತು. ಸುತ್ತ ಕೂತವರು ನಕ್ಕರು.

"ಏನೋ ಗಿಮ್, ಊರಲ್ಲಿ ನೋಡಿಟ್ಟ ಹೆಣ್ಣು ನೆನಪಾದ್ಲೇನೋ?" ಎಂದ ಮುದುಕ ಚೌ. ಚೌನ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ಅವನು ಮಾತಾಡಿದರೆ ಎದುರಿಗಿದ್ದವರು ಮುಖ ಒರೆಸಿಕೊಳ್ಳಬೇಕಿತ್ತು.

"ಇಲ್ಲ ತಾತ, ನಿನ್ನ ಮುಖ ನೋಡಿ ಹೆದರಿಕೆ ಆಯ್ತು," ಎಂದ ಗಿಮ್.

ಎಲ್ಲರೂ ಇನ್ನೊಮ್ಮೆ ನಕ್ಕರು. ಲುನ್ ನಗಲಿಲ್ಲ. ಸೌಟು ಹಿಡಿದು ನಿಂತವನು ಆ ಕೈಯನ್ನೇ ನೋಡುತ್ತಿದ್ದ.

ಲುನ್ ನಮ್ಮ ಬಿಡಾರದ ಅಡುಗೆಯವನು. ಅನ್ನ, ಉಪ್ಪುಮೀನು, ಒಂದಿಷ್ಟು ಸೊಪ್ಪು ಬೇಯಿಸಿ ಹಾಕುವುದು ಅವನ ಕೆಲಸ. ಚೀನಾದ ನಮ್ಮೂರಿನವರ ಬಾಯಲ್ಲಿ ಚಿನ್ನದ ಬೆಟ್ಟವೆಂದೇ ಹೆಸರಾದ ಈ ಕ್ಯಾಲಿಫೋರ್ನಿಯಾಕ್ಕೆ ಬರುವಾಗ ಅವನು ಹೆಂಡತಿಯ ಒಬ್ಬನೇ ತಮ್ಮನನ್ನೂ ಜೊತೆಗೆ ಕರೆತಂದಿದ್ದ. ಅತ್ತೆ ಬೇಡವೆಂದು ಅತ್ತಿದ್ದಳು. ಮಗನನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದ ಹೆಂಡತಿ ಅಳಲಿಲ್ಲ. "ಕರ್ಕೊಂಡು ಹೋಗೋರು ನೀವು, ಕಳಿಸ್ಕೊಡೋರೂ ನೀವೇ. ಅವನಿಲ್ದೆ ನಿಮ್ಮ ಮುಖ ಒಂದನ್ನೇ ತಂದು ನನಗೆ ತೋರಿಸ್ಬೇಡಿ," ಎಂದಷ್ಟೇ ಹೇಳಿದಳು. ಕೆಲವು ಹೆಂಗಸರು ಹೀಗೆ, ಒಂದೇ ಮಾತಿನಲ್ಲಿ ಗಂಡನನ್ನು ಆಯುಸ್ಸಿಡೀ ಕಟ್ಟಿಹಾಕುತ್ತಾರೆ. ಕಡಲು ದಾಟಿದರೂ ಆ ಮಾತು ಲುನ್‌ನ ಬೆನ್ನು ಬಿಟ್ಟಿರಲಿಲ್ಲ.

ನಮ್ಮ ಗಣಿಯೆಂದರೆ ಒಂದು ಕೆಂಪು ಬೆಟ್ಟ. ಆ ಕೆಂಪು ಕಲ್ಲೇ ಇಂಗಳೀಕ. ಅಗೆದು ತಂದ ಕಲ್ಲನ್ನು ಕೆಳಗಿನ ದೊಡ್ಡ ಭಟ್ಟಿಗೆ ಸುರಿಯುತ್ತಿದ್ದರು. ಆಚೆ ಬದಿಯಲ್ಲಿ ಪಾದರಸವನ್ನು ಕಬ್ಬಿಣದ ಸೀಸೆಗಳಿಗೆ ತುಂಬಿ ಗಾಡಿಗೆ ಏರಿಸುತ್ತಿದ್ದರು. ನಡುವೆ ಏನಾಗುತ್ತದೆ ಎಂಬ ಉಸಾಬರಿ ಅಡುಗೆಯವನಿಗೆ ಯಾಕೆ? ಲುನ್ ಅತ್ತ ತಲೆ ಹಾಕಿಯೂ ಮಲಗಿದವನಲ್ಲ. ಭಟ್ಟಿಗೆ ಅಂಟಿಕೊಂಡು ಸಾಲಾಗಿ ಇಟ್ಟಿಗೆಯ ಕೋಣೆಗಳಿದ್ದವು. ಹೊಗೆ ಹಾದುಹೋಗುವ ಆ ಕೋಣೆಗಳ ಗೋಡೆಗೆ ದಪ್ಪನೆ ಮಸಿ ಕಟ್ಟುತ್ತಿತ್ತು. ಯಾರಾದರೂ ಒಳಗೆ ಹೋಗಿ ಅದನ್ನು ಕೆರೆದು ತೆಗೆಯಬೇಕು. ಮೊದಲು ಬಿಳಿಯರೇ ಆ ಕೆಲಸ ಮಾಡುತ್ತಿದ್ದರಂತೆ. ಹಲ್ಲು ಅಲುಗಾಡತೊಡಗಿದ್ದೇ ತಡ, ಸಲಿಕೆ ಎಸೆದು ಹೊರಟುಹೋದರು. ಎಸೆದ ಸಲಿಕೆ ನಮ್ಮವರ ಕೈಗೆ ಬಂತು. ಬಿಳಿ ದೆವ್ವಗಳು ಒಲ್ಲೆ ಅಂದದ್ದೇ ನಮಗೆ ಉದ್ಯೋಗ, ಈ ದೇಶದ ನ್ಯಾಯವೇ ಅದು! ಗಿಮ್ ಬಂದಾಗಿನಿಂದಲೂ ಆ ಕೋಣೆಗಳಲ್ಲೇ ಇದ್ದ.

ಕೈ ನಡುಗುವ ಮುಂಚಿನ ವಾರ ಕೋಣೆಯೊಳಗೆ ಒಬ್ಬ ಕುಸಿದುಬಿದ್ದು ಸತ್ತಿದ್ದ. ಅವನ ಕಾಲು ಹಿಡಿದು ಹೊರಗೆ ಎಳೆದು ತಂದವನು ಗಿಮ್. ಲುನ್‌ಗೆ ಇದರಲ್ಲಿ ಅನುಮಾನವೇ ಉಳಿಯಲಿಲ್ಲ. ಹುಡುಗ ಬೆಚ್ಚಿಬಿದ್ದಿದ್ದಾನೆ. ಹೆಣ ಮುಟ್ಟಿದ ಭಯಕ್ಕೆ ಜೀವ ಮೈಯೊಳಗಿನ ತನ್ನ ಜಾಗ ಬಿಟ್ಟು ಅಲ್ಲಾಡುತ್ತಿದೆ. ಅದಕ್ಕೇ ಈ ನಡುಕ, ಅದಕ್ಕೇ ರಾತ್ರಿ ನಿದ್ದೆಯಿಲ್ಲ.

ಇದಕ್ಕೆ ಮದ್ದು ನಮ್ಮೂರಲ್ಲಿ ಯಾವ ಮುದುಕಿಯನ್ನು ಕೇಳಿದರೂ ಹೇಳುತ್ತಾಳೆ. ಹಂದಿಯ ಗುಂಡಿಗೆಯನ್ನು ಸೀಳಿ, ಒಳಗೆ ಚಿಟಿಕೆ ಇಂಗಳೀಕದ ಪುಡಿ ತುಂಬಿ, ದಾರದಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿ ತಿನ್ನಿಸುವುದು. ಗುಂಡಿಗೆಗೆ ಗುಂಡಿಗೆಯೇ ಆಸರೆ, ಕೆಂಪು ಪುಡಿ ಜೀವವನ್ನು ಮತ್ತೆ ಕೂರಿಸುತ್ತದೆ. ಗಿಮ್ ಚಿಕ್ಕವನಿದ್ದಾಗ ಕೆರೆಗೆ ಬಿದ್ದು ಬೆಚ್ಚಿದ್ದಕ್ಕೆ ಅವನ ತಾಯಿಯೇ ಹಾಗೆ ಮಾಡಿ ತಿನ್ನಿಸಿದ್ದಳು. ಊರಲ್ಲಾದರೆ ಮದ್ದಿನಂಗಡಿಯವನು ಆ ಪುಡಿಯನ್ನು ಕಾಗದದಲ್ಲಿ ಮಡಿಸಿ, ಮಗಳನ್ನು ಧಾರೆಯೆರೆದು ಕೊಡುವವನ ಹಾಗೆ ಮುಖ ಮಾಡಿಕೊಂಡು ಕೊಡುತ್ತಿದ್ದ. ಇಲ್ಲಿ ಅದೇ ಇಂಗಳೀಕ ಕಾಲಿಗೆ ತಾಗುತ್ತದೆ! ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಲುನ್‌ಗೆ ಹಿತ್ತಲ ಕಲ್ಲೇ ಮದ್ದಾಗಿ ಕಂಡಿತು.

ಆದರೆ ಅಂಗಡಿಯಲ್ಲಿ ಸಿಗುತ್ತಿದ್ದದ್ದು ನೀರಲ್ಲಿ ಅರೆದು ಒಣಗಿಸಿದ ನುಣ್ಣನೆ ಪುಡಿ, ಇಲ್ಲಿ ಬಿದ್ದಿದ್ದದ್ದು ಕಲ್ಲು. ಆ ಪುಡಿಯನ್ನು ಹೇಗೆ ಮಾಡುತ್ತಾರೆಂದು ಲುನ್ ಯಾವತ್ತೂ ಕೇಳಿದವನಲ್ಲ. ಅಡುಗೆಯವನ ಬುದ್ಧಿ ಅಡುಗೆಮನೆಯ ಕಡೆಗೇ ಓಡಿತು. ಕಾಳು ಕುಟ್ಟುವ ಮುಂಚೆ ಹುರಿಯುವುದಿಲ್ಲವೇ? ಕಲ್ಲನ್ನೂ ಕಬ್ಬಿಣದ ಬಾಣಲೆಗೆ ಹಾಕಿ, ಚೂರು ಸಿಡಿಯದಿರಲೆಂದು ಮೇಲೆ ಮಣ್ಣಿನ ಬೋಗುಣಿ ಕವುಚಿ, ಕೆಳಗೆ ಓಕ್ ಸೌದೆಯ ಬೆಂಕಿ ಜೋರು ಮಾಡಿದ. ಗಂಧಕದ ವಾಸನೆ ಮೂಗಿಗೆ ಬಡಿಯಿತು. ಕಲ್ಲು ಬಿರಿಯಿತು. ಕುಟ್ಟಿ ಜರಡಿ ಹಿಡಿದರೆ ಚೆಂದದ ಕೆಂಪು ಪುಡಿ. ಊರಲ್ಲಿ ಚಿಟಿಕೆ ಹಾಕುತ್ತಿದ್ದ ಜಾಗಕ್ಕೆ ಲುನ್ ಧಾರಾಳವಾಗಿ ಚಮಚದಲ್ಲೇ ತುಂಬಿದ. ಬೋಗುಣಿಯ ಒಳಮೈಗೆ ಏನೋ ಬೂದು ಬಣ್ಣದ್ದು ಮೆತ್ತಿಕೊಂಡಿತ್ತು. ಆ ಕತ್ತಲ ಅಡುಗೆಮನೆಯಲ್ಲಿ ಅದನ್ನು ಬೂದಿಯೆಂದುಕೊಂಡು ಒರೆಸಿಟ್ಟ.

"ತಿನ್ನೋ, ನಿಮ್ಮಮ್ಮ ಮಾಡಿದ ಹಾಗೇ ಮಾಡಿದ್ದೀನಿ," ಎಂದು ಬಟ್ಟಲು ಮುಂದಿಟ್ಟ.

ಗಿಮ್ ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. "ಅಮ್ಮಂದು ಇದಕ್ಕಿಂತ ಚೆನ್ನಾಗಿತ್ತು ಭಾವ. ನಿಮ್ದು ಗಣಿ ಅಗೆದ ಹಾಗಿದೆ."

"ಬಾಯಿ ಮುಚ್ಕೊಂಡು ನುಂಗು."

ಆ ರಾತ್ರಿ ಹುಡುಗ ಚೆನ್ನಾಗಿ ನಿದ್ದೆ ಮಾಡಿದ. ಲುನ್‌ಗೆ ಅಷ್ಟೇ ಸಾಕಾಯಿತು. ಮಾಂಸದವನು ಬಂದ ದಿನವೆಲ್ಲ ಒಂದು ಗುಂಡಿಗೆ ಎತ್ತಿಡತೊಡಗಿದ.

ನಿದ್ದೆ ಬಂದದ್ದು ಮದ್ದಿನಿಂದಲ್ಲ, ಹೊಟ್ಟೆ ತುಂಬಿದ್ದರಿಂದ ಇರಬೇಕು. ಯಾಕೆಂದರೆ ಚಳಿಗಾಲ ಕಾಲಿಡುವಷ್ಟರಲ್ಲಿ ಗಿಮ್‌ನ ವಸಡು ಕಪ್ಪಾಗಿತ್ತು. ಬಾಯಿಂದ ಸದಾ ಜೊಲ್ಲು. ಬೆಳಿಗ್ಗೆ ಎದ್ದರೆ ದಿಂಬು ಒದ್ದೆ. ಯಾರಾದರೂ ಅವನನ್ನೇ ದಿಟ್ಟಿಸಿದರೆ ಮುಖ ಗೋಡೆಗೆ ತಿರುಗಿಸಿಬಿಡುತ್ತಿದ್ದ. ಚೌ ಎಂದಿನಂತೆ ಚೇಷ್ಟೆ ಮಾಡಿದ್ದಕ್ಕೆ ಒಂದು ದಿನ ಬಟ್ಟಲು ಎತ್ತಿ ಎಸೆದ, ಆಮೇಲೆ ಅದಕ್ಕೇ ಅತ್ತ. ಮಾತಿಗೆ ಮಾತು ಕೊಟ್ಟು ನಗಿಸುತ್ತಿದ್ದ ಹುಡುಗ ಅವನು.

ಲುನ್ ನೇರ ಮೇಸ್ತ್ರಿ ತಾಮ್‌ನ ಹತ್ತಿರ ಹೋದ. ಬಿಳಿಯರಿಂದ ಗುತ್ತಿಗೆ ಹಿಡಿದು ನಮ್ಮನ್ನೆಲ್ಲ ದುಡಿಸುತ್ತಿದ್ದವನು ಅವನೇ.

"ಮೇಸ್ತ್ರಿಗಳೇ, ಗಿಮ್‌ನ ಕೋಣೆ ಕೆಲಸದಿಂದ ಬಿಡಿಸಿ. ಅಡುಗೆಗೆ ಹಾಕಿ."

"ಅವನು ಅಡುಗೆ ಮಾಡಿದ್ರೆ ನೀನೇನು ಮಾಡ್ತೀಯ? ಕುದುರೆ ಸವಾರೀನಾ?"

"ಕೋಣೆಗೆ ನಾನು ಹೋಗ್ತೀನಿ."

ತಾಮ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ಒಲೆ ಮುಂದೆ ಕೂತು ಬೊಜ್ಜು ಬೆಳೆಸಿದ್ದೀಯ. ಆ ಕಂಡಿಯೊಳಗೆ ನುಗ್ಗುತ್ತಾ ಈ ಹೊಟ್ಟೆ?"

"ನುಗ್ಗಿಸ್ತೀನಿ."

"ಆಮೇಲೆ ಬಂದು ಅಡುಗೆಮನೆ ಕೊಡಿ ಅಂತ ಕಾಲು ಹಿಡೀಬೇಡ. ಅನ್ನ ಬೇಯಿಸೋರು ಬೀದಿಗೊಬ್ರು ಸಿಗ್ತಾರೆ, ಮಸಿ ಕೆರೆಯೋರು ಸಿಗಲ್ಲ."

ಮಾರನೆಯ ದಿನದಿಂದ ಗಿಮ್ ಅಡುಗೆಮನೆಗೆ ಬಂದ, ಲುನ್ ಕೋಣೆಗೆ ಹೋದ.

ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕಂಡಿಯಲ್ಲಿ ತೂರಿದರೆ ಒಳಗೆ ಗೋಡೆ ಇನ್ನೂ ಬಿಸಿ. ಹೊಗೆ ಹೊರಗೆ ಹೋಗುವವರೆಗೆ ಕಾಯುವ ವ್ಯವಧಾನ ಮೇಲ್ವಿಚಾರಕನಿಗಿರಲಿಲ್ಲ. ಭಟ್ಟಿ ನಿಂತಷ್ಟು ಹೊತ್ತು ಅವನಿಗೆ ನಷ್ಟ. ಅವನೇನೋ ಹೊರಗೆ ಗಾಳಿಗೆ ಬೆನ್ನು ಕೊಟ್ಟು ನಿಂತು ಕೂಗುತ್ತಿದ್ದ. ಕೆರೆದ ಮಸಿ ತಲೆಯ ಮೇಲೆ, ಕಣ್ಣಿಗೆ, ಬಟ್ಟೆಯ ಸಂದಿಯಿಂದ ಬಾಯಿಗೆ ಬೀಳುತ್ತಿತ್ತು. ನಾಲಿಗೆಯ ಮೇಲೆ ತಾಮ್ರದ ಕಾಸು ಇಟ್ಟುಕೊಂಡ ಹಾಗೆ ರುಚಿ. ಲುನ್‌ಗೆ ಒಂದೇ ದಿನಕ್ಕೆ ಗೊತ್ತಾಯಿತು, ಇದರೊಳಗೆ ಭಾವಮೈದುನನನ್ನು ಇಷ್ಟು ಕಾಲ ಬಿಟ್ಟ ತಾನೆಂಥ ಕಟುಕ ಎಂದು.

ಜೊತೆಗಿದ್ದ ಚೌ ಗೋಡೆಯತ್ತ ಕೈ ತೋರಿಸಿದ. ಮಸಿಯ ನಡುವೆ ಸಾಸಿವೆ ಕಾಳಿನಷ್ಟು ಚಿಕ್ಕ ಹನಿಗಳು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು.

"ನೋಡಿದ್ಯಾ, ಇದೇ ಪಾದರಸ. ಕೆಂಪು ಕಲ್ಲಿಗೆ ಜೋರು ಬೆಂಕಿ ಮುಟ್ಟಿದ್ರೆ ಹೊಗೆ ಆಗುತ್ತೆ. ಆ ಹೊಗೆಗೆ ತಣ್ಣಗಿರೋದು ಏನಾದ್ರೂ ಅಡ್ಡ ಸಿಕ್ತು ಅನ್ನು, ಹೀಗೆ ಹನಿ ಕಟ್ಟುತ್ತೆ. ಹನಿ ಅವರಿಗೆ, ಹೊಗೆ ನಮಗೆ. ನನ್ನ ಹಲ್ಲು ತಿಂದಿದ್ದು ಈ ಹೊಗೇನೇ."

"ಗಿಮ್‌ಗೂ ಇದೇನಾ ಆಗಿರೋದು? ಭಯ ಅಲ್ವಾ?"

"ಭಯಕ್ಕೆ ಯಾರದಾದ್ರೂ ವಸಡು ಕಪ್ಪಾಗುತ್ತೇನೋ ಪೆದ್ದ? ಹೊರಗೆ ಬಂದನಲ್ಲ, ಬದುಕ್ಕೊಂಡ. ಗಾಳಿ ಕುಡಿದ್ರೆ ಕೈ ತಾನಾಗೇ ನಿಲ್ಲುತ್ತೆ. ಸುಮಾರು ಜನರಿಗೆ ನಿಂತಿರೋದು ನಾನೇ ನೋಡಿದ್ದೀನಿ."

ಆ ಮಾತು ಕೇಳಿ ಲುನ್‌ಗೆ ಹೋದ ಜೀವ ಬಂತು. ಗಿಮ್ ಈಗ ಹೊರಗಿದ್ದಾನೆ, ಇನ್ನು ಗುಣವಾಗುತ್ತಾನೆ. ಹೊಗೆಯೋ ಭಯವೋ, ಮದ್ದಂತೂ ನಡೆಯುತ್ತಲೇ ಇರಲಿ ಎಂದುಕೊಂಡ. ಹುರಿಯುವುದು, ಬೋಗುಣಿ ಮುಚ್ಚುವುದು, ಕುಟ್ಟುವುದು ಎಲ್ಲವನ್ನೂ ಗಿಮ್‌ಗೆ ಕಲಿಸಿಕೊಟ್ಟ. ಬಾಗಿಲು ಮುಚ್ಚಿದ ಬೆಚ್ಚಗಿನ ಅಡುಗೆಮನೆಯಲ್ಲಿ ಗಿಮ್ ತನ್ನ ಮದ್ದನ್ನು ತಾನೇ ಹುರಿದುಕೊಳ್ಳತೊಡಗಿದ.

ಗುಣವಾಗಲಿಲ್ಲ. ಕೋಣೆಯಲ್ಲಿದ್ದಾಗ ಕೈ ಮಾತ್ರ ನಡುಗುತ್ತಿತ್ತು, ಅಡುಗೆಮನೆಗೆ ಬಂದಮೇಲೆ ಕಾಲೂ ನಡುಗತೊಡಗಿತು. ಹಲ್ಲು ಒಂದೊಂದಾಗಿ ಕೈಗೆ ಬಂದವು. ಕತ್ತಿ ಹಿಡಿದರೆ ಬೆರಳಿಗೇ ಏಟು. ಕೋಣೆಯೊಳಗಿದ್ದ ಲುನ್‌ಗಿಂತ ಹೊರಗಿದ್ದವನೇ ಒಣಗುತ್ತಾ ಬಂದ. ಚೌ ಕೂಡ ತಲೆ ಕೆರೆದುಕೊಂಡ. "ಹಿಂಗಾಗಬಾರದಿತ್ತಲ್ಲ," ಎಂದ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ, ಲುನ್ ಪುಡಿಯನ್ನು ಇನ್ನಷ್ಟು ಹೆಚ್ಚಿಸಿದ.

ಒಂದು ಭಾನುವಾರ ಬೆಳಿಗ್ಗೆ ಗಿಮ್‌ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಲುನ್‌ಗೆ ಬಿಡುವಿತ್ತು, ತಾನೇ ಹುರಿಯಲು ನಿಂತ. ಹೊಗೆ ಕಣ್ಣಿಗೆ ಹತ್ತುತ್ತಿದೆಯೆಂದು ಬಾಗಿಲು ತೆರೆದ. ಬೋಗುಣಿ ಹೊರಗೆ ಮಂಜಿನಲ್ಲಿ ಬಿದ್ದಿದ್ದು ತಣ್ಣಗಿತ್ತು. ಕಲ್ಲು ಬಿರಿದ ಸದ್ದು ಕೇಳಿ ಬೋಗುಣಿ ಎತ್ತಿ ಬಿಸಿಲಿಗೆ ಮಗುಚಿದ. ಒಳಮೈ ತುಂಬ ಸಾಸಿವೆಯಷ್ಟು ಚಿಕ್ಕ ಹನಿಗಳು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು.

ಬೆರಳಿಂದ ಮುಟ್ಟಿದ. ಎರಡು ಹನಿ ಕೂಡಿ ಒಂದಾಗಿ ಉರುಳಿತು.

ಅವನು ಹೊಸಿಲ ಮೇಲೆ ಕೂತ. ಅಡುಗೆಮನೆಯಲ್ಲೇ ಒಂದು ಭಟ್ಟಿ ಕಟ್ಟಿದ್ದೆನಲ್ಲ ಎಂದುಕೊಂಡ. ಆ ದೊಡ್ಡ ಭಟ್ಟಿಯಿಂದ ಹುಡುಗನನ್ನು ಎಳೆದು ತಂದು ಈ ಚಿಕ್ಕ ಭಟ್ಟಿಯ ಮುಂದೆ ಕೂರಿಸಿದೆ. ಹೊಗೆ ಕುಡಿಸಿದ್ದು ಸಾಲದು ಅಂತ ಪುಡಿಯನ್ನೂ ತಿನ್ನಿಸಿದೆ. ಗಣಿಯವರಾದರೂ ಕೂಲಿ ಕೊಟ್ಟು ಸಾಯಿಸುತ್ತಾರೆ, ನಾನು ಪ್ರೀತಿಯಿಂದ ಸಾಯಿಸುತ್ತಿದ್ದೆ. ಲುನ್ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ. ಯಾರೂ ನೋಡಲಿಲ್ಲ.

ಅವತ್ತೇ ಹೇಳಿಬಿಡಬೇಕಿತ್ತು. ಹೇಳಲು ಗಂಜಿಯ ಬಟ್ಟಲು ಹಿಡಿದು ಹೋದ ಕೂಡ. ಗಿಮ್ ಕಷ್ಟಪಟ್ಟು ತಲೆಯೆತ್ತಿ, "ತಂದ್ರಾ ಭಾವ? ಈ ಗುಂಡಿಗೆ ಒಂದೇ ನನ್ನ ಹಿಡಿದಿಟ್ಟಿರೋದು," ಎಂದ. ಲುನ್ ಒಳಗೆ ಹೋಗಿ, ಮಾಂಸಕ್ಕೆ ಬಣ್ಣ ಕೊಡುವ ಕೆಂಪಕ್ಕಿಯ ಹಿಟ್ಟು ತುಂಬಿ ಗುಂಡಿಗೆಯ ಒಂದು ತುಂಡು ಬೇಯಿಸಿ ತಂದುಕೊಟ್ಟ. ಪುಡಿಯನ್ನು ಇನ್ನು ಮೇಲೆ ತಾನೇ ಮಾಡಿ ತರುತ್ತೇನೆ, ಅಡುಗೆಮನೆಯಲ್ಲಿ ಹುರಿಯಬೇಡ ಎಂದ. ಬಾಣಲೆ, ಬೋಗುಣಿ, ಕುಟ್ಟಾಣಿ ಎಲ್ಲವನ್ನೂ ಹಳ್ಳಕ್ಕೆ ಎಸೆದು ಬಂದ. ಮಾರನೆಯ ದಿನದಿಂದ ಕೋಣೆಗೆ ಹೋಗುವಾಗ ಬಾಯಿಗೆ ಬಟ್ಟೆಯನ್ನೂ ಸರಿಯಾಗಿ ಕಟ್ಟಿಕೊಳ್ಳುತ್ತಿರಲಿಲ್ಲ. ಚೌ ಬೈದರೆ, "ಬಿಡು, ಹೋದ್ರೆ ಹೋಗ್ಲಿ ಈ ಜೀವ," ಎನ್ನುತ್ತಿದ್ದ.

ಕೆಂಪಕ್ಕಿ ಹಿಟ್ಟು ತಿಂದುಕೊಂಡು ಗಿಮ್ ಮೆಲ್ಲಗೆ ಎದ್ದು ಕೂತ. ಆಮೇಲೆ ನಡೆದಾಡಿದ. ಜೊಲ್ಲು ನಿಂತಿತು, ಮಾತು ಮರಳಿತು. ಕೈಯ ನಡುಕ ಮಾತ್ರ ಪೂರ್ತಿ ಹೋಗಲಿಲ್ಲ. ಬಿಡಾರದಲ್ಲೆಲ್ಲ ಲುನ್‌ನ ಕೈಗುಣದ್ದೇ ಮಾತು. ಭಟ್ಟಿಯಲ್ಲಿ ಕೈ ನಡುಗಿಸಿಕೊಂಡವರೆಲ್ಲ, "ನಮಗೂ ಒಂದು ತುಂಡು ಕೊಡಪ್ಪ," ಎಂದು ಬಂದರು. ಲುನ್ ಅವರಿಗೂ ಕೆಂಪಕ್ಕಿ ಹಿಟ್ಟನ್ನೇ ತುಂಬಿ ಕೊಟ್ಟ. ಅವರು ಕೈ ಮುಗಿದಾಗಲೆಲ್ಲ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸುತ್ತಿತ್ತು.

ನಡುಗುವ ಕೈಗೆ ಇಲ್ಲಿ ಕೆಲಸವಿಲ್ಲ. ನಮ್ಮ ಸೀಮೆಯ ಸಂಘದವರು ಹಡಗಿನಲ್ಲಿ ಜಾಗ ಮಾಡಿಕೊಟ್ಟು, ಗಿಮ್ ಊರಿಗೆ ಹೋಗಲಿ ಎಂದರು. ಮಳೆ ನಿಂತು ಬೆಟ್ಟ ಹಸಿರಾದಾಗ ಗಾಡಿ ಬಂತು. ಬೀಳ್ಕೊಡಲು ಚೌ ಬಂದ, ತಾಮ್ ಕೂಡ ಬಂದ. ಲುನ್ ಗಂಟುಮೂಟೆಯನ್ನು ಗಾಡಿಗೆ ಏರಿಸುತ್ತಿದ್ದ. ಒಂದು ಸಣ್ಣ ಗಂಟು ಕಲ್ಲಿನಷ್ಟು ಭಾರವಿತ್ತು.

"ಏನೋ ಇದು?"

"ಕಲ್ಲೇ ಭಾವ." ಗಿಮ್ ಬೊಚ್ಚುಬಾಯಿ ತೆರೆದು ನಕ್ಕ. "ಮೊನ್ನೆ ಊರಿಂದ ಬಂದವ ಹೇಳ್ಲಿಲ್ವಾ, ನಿಮ್ಮ ಮಗ ರಾತ್ರಿ ಬೆಚ್ಚಿಬಿದ್ದು ಕಿರುಚ್ತಾನಂತೆ. ಅಕ್ಕ ದೇವರಿಗೆಲ್ಲ ಹರಕೆ ಹೊತ್ತು ಸೋತಿದ್ದಾಳಂತೆ. ಅದಕ್ಕೇ ಬೆಟ್ಟದ ಮೇಲೆಲ್ಲ ಹುಡುಕಿ ಒಳ್ಳೊಳ್ಳೆ ಕೆಂಪಿಂದೇ ಆರಿಸಿದೆ."

ಲುನ್ ಗಂಟನ್ನು ಗಾಡಿಯ ಅಂಚಿನಲ್ಲೇ ಇಟ್ಟ. "ಬಿಸಾಕೋ ಅದನ್ನ. ಬಂದರಲ್ಲಿ ಕಳ್ಳಮಾಲು ಅಂತ ಹಿಡೀತಾರೆ."

"ಹಿಡಿದ್ರೆ ಕೊಟ್ಟುಬಿಡ್ತೀನಿ. ಊರಲ್ಲಿ ಅಂಗಡಿ ಇಲ್ವಾ? ಮಾಡೋದು ಗೊತ್ತಿದ್ರೆ ಸಾಕಲ್ಲ. ಚೆನ್ನಾಗಿ ಹುರಿಯೋದು, ಬೋಗುಣಿ ಮುಚ್ಚೋದು, ಕುಟ್ಟೋದು. ಚಿಟಿಕೆಗಿಟಿಕೆ ಅಲ್ಲ, ನೀವು ನನಗೆ ಹಾಕಿದ ಹಾಗೆ ಚಮಚದ ತುಂಬ. ಅಕ್ಕನ ಪಕ್ಕ ನಿಂತು ನಾನೇ ಮಾಡಿಸ್ತೀನಿ. ನನ್ನ ಬದುಕಿಸಿದ ಮದ್ದು ನಿಮ್ಮ ಮಗನ್ನ ಬಿಡುತ್ತಾ?"

ಕಲ್ಲನ್ನು ಕಿತ್ತುಕೊಳ್ಳಬಹುದು. ತಲೆಯೊಳಗೆ ಕೂತಿದ್ದನ್ನು ಕಿತ್ತುಕೊಳ್ಳುವುದು ಹೇಗೆ? ಗಾಡಿಯವನು ಅವಸರ ಮಾಡುತ್ತಿದ್ದ. ಲುನ್ ಗಾಡಿಯ ಪಟ್ಟಿ ಹಿಡಿದುಕೊಂಡು ಹೇಳಿಬಿಟ್ಟ. ಎಲ್ಲವನ್ನೂ ಹೇಳಿದ, ಚೌ ಮತ್ತು ತಾಮ್ ಕೇಳಿಸಿಕೊಳ್ಳುತ್ತಿದ್ದಂತೆಯೇ. ಬೋಗುಣಿಯ ಹನಿ, ಪುಡಿ, ಹಳ್ಳಕ್ಕೆ ಎಸೆದ ಬಾಣಲೆ, ಯಾವುದನ್ನೂ ಬಿಡಲಿಲ್ಲ.

"ತಮಾಷೆ ಮಾಡ್ಬೇಡಿ ಭಾವ. ನನಗೆ ಗುಣ ಆಯ್ತಲ್ಲ?"

"ಆಮೇಲೆ ಕೊಟ್ಟಿದ್ದು ಕೆಂಪಕ್ಕಿ ಹಿಟ್ಟು ಕಣೋ. ನಾನು ನಿಲ್ಲಿಸಿದೆ, ನಿನಗೆ ಗುಣವಾಯ್ತು."

ಗಿಮ್‌ನ ನಗು ಹೋಯಿತು. ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡು ನೋಡಿದ. ಅವು ನಡುಗುತ್ತಲೇ ಇದ್ದವು.

"ಇದ್ರಲ್ಲಿ ಭಟ್ಟಿದೆಷ್ಟು, ನಿಮ್ದೆಷ್ಟು?"

"ಗೊತ್ತಿಲ್ಲ. ದೇವರಾಣೆ ಗೊತ್ತಿಲ್ಲ."

ಗಿಮ್ ಗಂಟು ಬಿಚ್ಚಲು ಹೋದ. ಬೆರಳು ಕೂಡಿಬರಲಿಲ್ಲ. ಲುನ್ ಕೈ ಚಾಚಿದರೆ ಅದನ್ನು ಸರಿಸಿದ. ಕೊನೆಗೆ ಗಂಟನ್ನೇ ಇಡಿಯಾಗಿ ಎತ್ತಿ ರಸ್ತೆಯ ಬದಿಗೆ ಎಸೆದ.

"ಮಗೂಗೆ ಅದನ್ನ ಕೊಡೋಕೆ ಬಿಡಲ್ಲ. ಅಷ್ಟು ಮಾತ್ರ ನನ್ನ ಜವಾಬ್ದಾರಿ," ಎಂದ ಗಿಮ್, ಬೆಟ್ಟದ ಕಡೆ ನೋಡುತ್ತಾ. "ಕೈ ಯಾಕೆ ಹೀಗಾಯ್ತು ಅಂತ ಅಕ್ಕ ಕೇಳ್ತಾಳೆ. ಭಟ್ಟಿ ಅಂತೀನಿ. ಉಳಿದಿದ್ದನ್ನ ನೀವು ಬಂದು ಹೇಳ್ಬೇಕು ಭಾವ. ನೀವೇ ಬಂದು, ಅವಳ ಎದುರಿಗೆ ಕೂತು. ಅದನ್ನ ನನ್ನ ತಲೆಗೆ ಕಟ್ಬೇಡಿ."

"ಬಂದು ಹೇಳ್ತೀನಿ," ಎಂದ ಲುನ್.

ಗಾಡಿ ಹೊರಟಿತು. ಗಿಮ್ ಹಿಂತಿರುಗಿ ನೋಡಲಿಲ್ಲ. ತಾಮ್ ಪಾಳಿಯ ಹೊತ್ತಾಯಿತೆಂದು ಕೂಗಿದ. ಲುನ್ ತೊಟ್ಟಿಯಲ್ಲಿ ಬಟ್ಟೆ ಅದ್ದಿ ಮೂಗು ಬಾಯಿಗೆ ಬಿಗಿಯಾಗಿ ಸುತ್ತಿಕೊಂಡ, ಸಡಿಲವಾಯಿತೆನ್ನಿಸಿ ಬಿಚ್ಚಿ ಮತ್ತೆ ಕಟ್ಟಿದ. ಕಂಡಿಯಲ್ಲಿ ತೂರುವಾಗ ಅವನಿಗೆ ಸಾಯಲು ಹೆದರಿಕೆಯಾಯಿತು.